ಅಜ್ಜಿಯ ಬೆನ್ನಿನ ಏಳನೆಯ ಮಣಿ

ಫಿಸಿಯೋಥೆರಪಿಯ ಮೊದಲ ವರ್ಷದ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನನ್ನ ಪಾಲಿಗೆ ಬಂದದ್ದು ಎದೆಭಾಗದ ಒಂದು ಬೆನ್ನುಮಣಿ. ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ಕೊಂಡ ಬೋನ್ ಸೆಟ್ಟಿನಲ್ಲಿ ಇಂಥವನ್ನು ತಿಂಗಳುಗಟ್ಟಲೆ ತಿರುವಿಹಾಕಿದ್ದರಿಂದ ಧೈರ್ಯವಾಗಿಯೇ ಎತ್ತಿ ಹಿಡಿದೆ. ಮೇಡಂ ನನ್ನ ಕೈಯನ್ನು ಅರೆಗಳಿಗೆ ನೋಡಿ, "ನಿನ್ನ ಪೇಶೆಂಟು ಶೀರ್ಷಾಸನ ಹಾಕಿದ್ದಾನಲ್ಲಮ್ಮಾ" ಎಂದರು. ಹಿಂಬದಿಯಲ್ಲಿ ಕೆಳಮುಖವಾಗಿ ಇಳಿಯಬೇಕಾಗಿದ್ದ ಉದ್ದನೆಯ ಮುಳ್ಳು ನನ್ನ ಕೈಯಲ್ಲಿ ಸೂರನ್ನು ನೋಡುತ್ತಿತ್ತು.

ತಿರುಗಿಸಿ ಹಿಡಿದ ಮೇಲೆ, ಅದು ಎದೆಭಾಗದ್ದೇ ಎಂದು ಹೇಗೆ ಹೇಳುತ್ತೀ ಎಂಬ ಪ್ರಶ್ನೆ ಬಂತು. ಇಲ್ಲಿ ನಾನು ತಡವರಿಸಲಿಲ್ಲ. ಕತ್ತಿನ 7 ಮಣಿಗಳಿಗೂ ಸೊಂಟದ 5 ಮಣಿಗಳಿಗೂ ಇಲ್ಲದ ಗುರುತೊಂದು ನಡುವಿನ ಈ 12 ಮಣಿಗಳಿಗಿದೆ. ಅದು ಪಕ್ಕೆಲುಬು ಬಂದು ಕೂರುವ ನುಣುಪಾದ ಜಾಗ. ಮೇಲಂಚಿನಲ್ಲಿ ಅರ್ಧ, ಕೆಳಂಚಿನಲ್ಲಿ ಅರ್ಧ ಇರುವುದೇಕೆಂದರೆ, ಪಕ್ಕೆಲುಬಿನ ತಲೆ ಸಾಮಾನ್ಯವಾಗಿ ಒಂದೇ ಮಣಿಯನ್ನು ನೆಚ್ಚಿಕೊಳ್ಳದೆ, ತನ್ನ ಸಂಖ್ಯೆಯ ಮಣಿ ಮತ್ತು ಅದರ ಮೇಲಿನ ಮಣಿ ಎರಡಕ್ಕೂ ತಾಗಿಕೊಂಡು ಕೂರುತ್ತದೆ. ಆರನೆಯ ಪಕ್ಕೆಲುಬಿನ ತಲೆ ಐದನೆಯ ಮತ್ತು ಆರನೆಯ ಮಣಿಗಳ ಸಂದಿಯಲ್ಲಿರುತ್ತದೆ. ಕೊನೆಯ ಎರಡು ಮಣಿಗಳಲ್ಲಾದರೋ ಪಕ್ಕಕ್ಕೆ ಚಾಚಿದ ತೋಳುಗಳ ಮೇಲೆ ಪಕ್ಕೆಲುಬಿನ ಗುರುತೇ ಇರುವುದಿಲ್ಲ. ಇಷ್ಟು ಒಪ್ಪಿಸಿ ಪಾಸಾದೆನಾದರೂ ತಲೆಕೆಳಗಾದ ಮುಳ್ಳು ಮನಸ್ಸಿನಿಂದ ಹೋಗಲಿಲ್ಲ.

ಆ ಸಂಜೆ ಅಜ್ಜಿಯ ಬೆನ್ನಿಗೆ ಎಣ್ಣೆ ಹಚ್ಚುವ ನೆಪದಲ್ಲಿ ಮಣಿಗಳನ್ನು ಎಣಿಸಲು ಕುಳಿತೆ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಉಬ್ಬಿ ನಿಲ್ಲುವುದು ಸಾಮಾನ್ಯವಾಗಿ ಕತ್ತಿನ ಏಳನೆಯ ಮಣಿ. ಕೆಲವರಲ್ಲಿ ಅದರ ಕೆಳಗಿನದೇ ಹೆಚ್ಚು ಉಬ್ಬಿರುವುದರಿಂದ ಲೆಕ್ಕ ಆರಂಭದಲ್ಲಿಯೇ ತಪ್ಪಬಹುದು. ನನ್ನದೂ ತಪ್ಪಿತು. ಕೊನೆಗೆ, ಕೈ ಇಳಿಬಿಟ್ಟು ಕುಳಿತಾಗ ಹೆಗಲಮೂಳೆಯ ಕೆಳತುದಿ ಹೆಚ್ಚುಕಡಿಮೆ ಎದೆಭಾಗದ ಏಳನೆಯ ಮಣಿಯ ಮುಳ್ಳಿನ ನೇರಕ್ಕೆ ಬರುತ್ತದೆಂಬುದನ್ನು ನೆನೆದು, ಅಲ್ಲಿಂದ ಮೇಲಕ್ಕೆ ಎಣಿಸಿದೆ. ವೈವಾದ ಮುಳ್ಳು ಅರ್ಥವಾದದ್ದು ಆಗ. ಬೆನ್ನಿನ ನಡುಭಾಗದಲ್ಲಿ ಮುಳ್ಳುಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಇಳಿಬಿದ್ದಿರುವುದರಿಂದ, ಬೆರಳಿಗೆ ಸಿಗುವ ತುದಿ ಒಂದು ಮಣಿಯದಾದರೆ ಅದರ ಮುಂದೆ ಒಳಗಿರುವ ದೇಹ, ಅಂದರೆ ಮಣಿಯ ದಪ್ಪನೆಯ ಮುಂಭಾಗ, ಕೆಳಗಿನ ಮಣಿಯದು.

ಅಜ್ಜಿಯ ಗೂನಿನ ಬಳಿ ಮಾತ್ರ ಈ ಹೆಂಚುಗಳು ಬಿಡಿಬಿಡಿಯಾಗಿ, ಚೂಪಾಗಿ ಕೈಗೆ ಸಿಕ್ಕವು. ಹಿಂದೊಮ್ಮೆ ತೆಗೆಸಿದ ಎಕ್ಸ್‌ರೇಯಲ್ಲಿ ಒಂದು ಮಣಿಯ ಮುಂಭಾಗ ಕುಸಿದು, ಬದಿಯಿಂದ ನೋಡಿದರೆ ಬಾಗಿಲಿಗೆ ಕೊಡುವ ಬೆಣೆಯಂತಾಗಿತ್ತು. ಮುಂದೆ ಎತ್ತರ ಕುಗ್ಗಿದಷ್ಟೂ ಬೆನ್ನು ಮುಂದಕ್ಕೆ ಬಾಗುತ್ತದೆ, ಹಿಂದಿನ ಮುಳ್ಳುಗಳು ಒಂದರಿಂದೊಂದು ಅಗಲುತ್ತವೆ. "ಬಿದ್ದೆಯಾ ಅಜ್ಜಿ, ಯಾವಾಗ?" ಎಂದು ಕೇಳಿದ್ದಕ್ಕೆ, ಬಿದ್ದ ನೆನಪೇ ಇಲ್ಲ ಎಂದರು. ಸವೆದ ಮೂಳೆ ಬಗ್ಗಿ ಕೊಡಪಾನ ಎತ್ತುವಷ್ಟಕ್ಕೇ ಕುಸಿಯಬಹುದೆಂದು ನಾನು ಹೇಳಲಿಲ್ಲ.

"ಎಣಿಸಿ ಮುಗೀತೇನೇ? ಎಲ್ಲಾ ಇದಾವೋ ಇಲ್ಲವೋ?" ಎಂದರು.

"ಏಳರವರೆಗೆ ಲೆಕ್ಕ ಸಿಕ್ಕಿತು."

"ಹಾಗಾದರೆ ಉಳಿದದ್ದಕ್ಕೂ ಎಣ್ಣೆ ಹಚ್ಚು" ಎನ್ನುತ್ತ ಅವರು ಸೆರಗನ್ನು ಇನ್ನಷ್ಟು ಕೆಳಗಿಳಿಸಿದರು.