ಪರ್ಡ್ಯೂನಾ, ಇಲಿನಾಯಾ?

ಏಪ್ರಿಲ್ ಬಂತೆಂದರೆ ನನಗೆ ಈ ಪ್ರಶ್ನೆ ಶುರು. ಯುಗಾದಿ ಊಟಕ್ಕೆ ಕನ್ನಡ ಕೂಟದಲ್ಲಿ ತಟ್ಟೆ ಹಿಡಿದು ಸಾಲಲ್ಲಿ ನಿಂತಿರುತ್ತೇನೆ. ಹಿಂದಿನಿಂದ ಯಾರಾದರೂ ಕೇಳುತ್ತಾರೆ: “ಅಕ್ಕಾ, ಮಗನಿಗೆ ಪರ್ಡ್ಯೂನೂ ಬಂದಿದೆ, ಇಲಿನಾಯ್‌ನೂ ಬಂದಿದೆ. ಇಂಜಿನಿಯರಿಂಗ್‌ಗೆ ಯಾವುದು ಒಳ್ಳೇದು?” ನಾವಿರುವುದು ನ್ಯೂಜೆರ್ಸಿಯಲ್ಲಿ. ಪರ್ಡ್ಯೂ ಇರುವುದು ಇಂಡಿಯಾನಾದಲ್ಲಿ, ಇಲಿನಾಯ್ ಯೂನಿವರ್ಸಿಟಿ ಅದರ ಪಕ್ಕದ ಇಲಿನಾಯ್ ರಾಜ್ಯದಲ್ಲಿ. ಎರಡೂ ನಮಗೆ ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳು. ನನ್ನ ಮಗಳಿಗೂ ಕೊನೆಗೆ ಉಳಿದಿದ್ದು ಇವೆರಡೇ. ಅಷ್ಟಕ್ಕೇ ನಾನು ಈ ವಿಷಯದಲ್ಲಿ ಪಂಡಿತೆ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ.

ರ‍್ಯಾಂಕಿಂಗ್ ಮಾತು ಬೇಗ ಮುಗಿಸುತ್ತೇನೆ. ಎರಡೂ ಮೇಲಿನ ಸಾಲಿನವೇ. ನೀಲ್ ಆರ್ಮ್‌ಸ್ಟ್ರಾಂಗ್ 1955ರಲ್ಲಿ ಡಿಗ್ರಿ ಪಡೆದದ್ದು ಪರ್ಡ್ಯೂನಲ್ಲಿ. ಫಿಸಿಕ್ಸ್‌ಗೆ ಎರಡು ಸಲ ನೊಬೆಲ್ ಪಡೆದ ಜಾನ್ ಬಾರ್ಡೀನ್ ಪಾಠ ಮಾಡಿದ್ದು ಇಲಿನಾಯ್‌ನಲ್ಲಿ. ಹೆಸರಿಟ್ಟು ತೂಗಿದರೆ ತಕ್ಕಡಿ ಅಲ್ಲಾಡುವುದೇ ಇಲ್ಲ.

ಹಾಗಾಗಿ ನಾನು ತಿರುಗಿ ಕೇಳುವುದು ಒಂದೇ. ಸೀಟು ಸಿಕ್ಕಿರುವುದು ಯಾವುದಕ್ಕೆ? ಪತ್ರ ತೆಗೆದು ಸರಿಯಾಗಿ ಓದಿದ್ದೀರಾ?

ಮುಕ್ಕಾಲು ಮಂದಿ ಓದಿರುವುದಿಲ್ಲ. “ಇಂಜಿನಿಯರಿಂಗ್‌ಗೇ ಅಕ್ಕಾ” ಅನ್ನುತ್ತಾರೆ. ಅಲ್ಲೇ ಇರುವುದು ಗುಟ್ಟು. ಪರ್ಡ್ಯೂನಲ್ಲಿ ಇಂಜಿನಿಯರಿಂಗ್ ಸೇರುವವರೆಲ್ಲ ಮೊದಲು ಎಲ್ಲರಿಗೂ ಒಂದೇ ಆದ ಫಸ್ಟ್ ಇಯರ್ ಇಂಜಿನಿಯರಿಂಗ್‌ಗೆ ಸೇರುತ್ತಾರೆ. ಮೆಕ್ಯಾನಿಕಲ್ಲೋ ಏರೋಸ್ಪೇಸೋ ಅನ್ನುವುದು ಆಮೇಲಿನ ಮಾತು. ಮೊದಲ ವರ್ಷದ ಮಾರ್ಕ್ಸ್ ಚೆನ್ನಾಗಿರಬೇಕು, ಆ ವಿಭಾಗದಲ್ಲಿ ಜಾಗವೂ ಇರಬೇಕು. ಇಲಿನಾಯ್‌ನಲ್ಲಿ ಹಾಗಲ್ಲ. ಅರ್ಜಿ ಹಾಕುವಾಗಲೇ ವಿಭಾಗ ಹೇಳಬೇಕು, ಸಾಮಾನ್ಯವಾಗಿ ಸೀಟು ಬರುವುದೂ ಆ ವಿಭಾಗಕ್ಕೇ. ಸಿಕ್ಕಿದ್ದು ನಿಮ್ಮದು. ಆದರೆ ಸಿವಿಲ್‌ಗೆ ಸೇರಿಕೊಂಡು ಆಮೇಲೆ ಮೆಲ್ಲಗೆ ಕಂಪ್ಯೂಟರ್ ಸೈನ್ಸ್‌ಗೆ ಹಾರೋಣ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಕಂಪ್ಯೂಟರ್ ಸೈನ್ಸ್ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಪರ್ಡ್ಯೂನಲ್ಲಿ ಅದು ಇಂಜಿನಿಯರಿಂಗ್ ಕಾಲೇಜಿನಲ್ಲೇ ಇಲ್ಲ, ಸೈನ್ಸ್ ಕಾಲೇಜಿನಲ್ಲಿದೆ. ಇಂಜಿನಿಯರಿಂಗ್ ಕಡೆ ಇರುವುದು ಕಂಪ್ಯೂಟರ್ ಇಂಜಿನಿಯರಿಂಗ್. ಇದನ್ನು ಹೇಳಿದಾಗ ಎಷ್ಟೋ ಅಪ್ಪಂದಿರ ಕೈಯಲ್ಲಿನ ಹೋಳಿಗೆ ಅಲ್ಲೇ ನಿಂತಿದೆ. ನಮ್ಮ ಪರಿಚಯದ ಹುಡುಗನೊಬ್ಬ ಇದೇ ತರಹ, ಬೇರೆ ಒಂದು ರಾಜ್ಯದ ಯೂನಿವರ್ಸಿಟಿಗೆ, “ಒಳಗೆ ಹೋದ ಮೇಲೆ ನೋಡ್ಕೊಂಡ್ರಾಯ್ತು” ಅಂತ ಸೇರಿದ. ಬೇಕಾದ ವಿಭಾಗ ಸಿಗಲಿಲ್ಲ. ಎರಡನೇ ವರ್ಷಕ್ಕೆ ಮನೆಗೆ ಬಂದು ಇನ್ನೊಂದು ಕಡೆ ಸೇರಿಕೊಂಡ. ಕಟ್ಟಿದ ದುಡ್ಡು ಅಲ್ಲೇ ಉಳೀತು.

ದುಡ್ಡಿನ ಮಾತಿಗೆ ಬರೋಣ. ಪರ್ಡ್ಯೂ 2013ರಿಂದ ವರ್ಷಾನುಗಟ್ಟಲೆ ಟ್ಯೂಷನ್ ಫೀ ಏರಿಸದೆ ಹಿಡಿದಿಟ್ಟಿತು. ಬೇರೆ ರಾಜ್ಯದವರಿಗೆ ವರ್ಷಕ್ಕೆ 29 ಸಾವಿರ ಡಾಲರ್ ಆಸುಪಾಸು, ಇಂಜಿನಿಯರಿಂಗ್‌ಗೆ ಅದರ ಮೇಲೆ ಒಂದೆರಡು ಸಾವಿರ. ಇಲಿನಾಯ್‌ನಲ್ಲೂ ಇಂಜಿನಿಯರಿಂಗ್‌ಗೆ ಜಾಸ್ತಿ ಫೀ. ನಮ್ಮಂಥವರಿಗೆ ಅದು 40 ಸಾವಿರ ದಾಟುತ್ತದೆ. ಊಟ, ವಸತಿ ಬೇರೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ಒಳ್ಳೇ ಕಾರಿನಷ್ಟು ವ್ಯತ್ಯಾಸ. “ಒಂದು ವರ್ಷ ಅಲ್ಲೇ ಇದ್ರೆ ಇನ್-ಸ್ಟೇಟ್ ಫೀ ಆಗಲ್ವಾ?” ಅಂತ ಕೇಳುವವರಿದ್ದಾರೆ, ಅಂದರೆ ಆ ರಾಜ್ಯದವರೇ ಕಟ್ಟುವ ಕಡಿಮೆ ಫೀ. ಆಗುವುದಿಲ್ಲ. ಅಪ್ಪ ಅಮ್ಮ ನ್ಯೂಜೆರ್ಸಿಯಲ್ಲಿ, ಮಗು ಅಲ್ಲಿಗೆ ಹೋಗಿರುವುದು ಓದಲಿಕ್ಕೆ. ಅದನ್ನು ವಾಸ ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮಗುವಿನ ಹೆಸರಲ್ಲಿ ಸಿಗುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಾಲವೂ ಮೊದಲ ವರ್ಷಕ್ಕೆ 5,500 ಡಾಲರ್ ಅಷ್ಟೇ. ಉಳಿದದ್ದು ನಮ್ಮ ತಲೆಯ ಮೇಲೆ.

ನಾವು ಎರಡನ್ನೂ ಹೋಗಿ ನೋಡಿ ಬಂದೆವು. ನಡುವೆ 90 ಮೈಲಿ, ದಾರಿಯುದ್ದಕ್ಕೂ ಬರೀ ಹೊಲ. ಬೆಳಿಗ್ಗೆ ಹತ್ತಕ್ಕೆ ಪರ್ಡ್ಯೂ ಇರುವ ವೆಸ್ಟ್ ಲಫಾಯೆಟ್ ಬಿಟ್ಟು ಒಂದೂವರೆ ಗಂಟೆ ಕಾರು ಓಡಿಸಿದರೂ ಇಲಿನಾಯ್ ಕ್ಯಾಂಪಸ್ ಇರುವ ಶಾಂಪೇನ್ ತಲುಪಿದಾಗ ಗಂಟೆ ಹತ್ತೂವರೆ! ರಾಜ್ಯದ ಗಡಿ ದಾಟಿದಾಗ ಫೋನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ಇಲಿನಾಯ್ ಕ್ಯಾಂಪಸ್ಸಿನ ಮಧ್ಯದಲ್ಲೇ 1876ರಿಂದ ಪ್ರಯೋಗಕ್ಕೆ ಇಟ್ಟಿರುವ ಮೆಕ್ಕೆಜೋಳದ ಹೊಲವಿದೆ. ಅದಕ್ಕೆ ನೆರಳು ಬೀಳಬಾರದು ಅಂತ ಪಕ್ಕದ ಲೈಬ್ರರಿಯನ್ನು ನೆಲದಡಿ ಕಟ್ಟಿದರಂತೆ. ನನಗೆ ಆ ಊರು ಅಲ್ಲೇ ಮನಸ್ಸಿಗೆ ಹತ್ತಿತು. ಮಗಳಿಗೆ ಹತ್ತಿದ್ದು ಪರ್ಡ್ಯೂ. ಆರ್ಮ್‌ಸ್ಟ್ರಾಂಗ್ ಹೆಸರಿನ ಕಟ್ಟಡದ ಮುಂದೆ ಅವರ ಕಂಚಿನ ಪ್ರತಿಮೆ ಇದೆ. ಗಗನಯಾತ್ರಿಯ ವೇಷವಿಲ್ಲ, ಓದುವ ಹುಡುಗನ ಹಾಗೆ ಸುಮ್ನೆ ಕೂತಿದ್ದಾರೆ. ಅವಳು ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡಳು.

ಆದರೆ ತೀರ್ಮಾನ ಆದದ್ದು ಫೋಟೋದಿಂದಲ್ಲ. ಮೆಕ್ಯಾನಿಕಲ್ಲಾ, ಮೆಟೀರಿಯಲ್ಸಾ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಒಂದು ವರ್ಷ ನೋಡಿ ಆರಿಸುವ ಅವಕಾಶ ಲಾಭವೇ. ಬೇಕಾದ್ದು ಏನಂತ ಗೊತ್ತಿರುವ ಮಗುವಿಗೆ ಅದೇ ಒಂದು ವರ್ಷದ ಆತಂಕ. ಅಂಥವರಿಗೆ ನಾನು ಇಲಿನಾಯ್ ಅನ್ನುತ್ತೇನೆ, ಆ ಹೆಚ್ಚಿನ ದುಡ್ಡು ಸಾಲವಿಲ್ಲದೆ ಹೊಂದುವುದಾದರೆ. ಕಂಪ್ಯೂಟರ್ ಸೈನ್ಸ್‌ಗೇ ಸೀಟು ಬಂದಿದ್ದರೆ ಸ್ವಲ್ಪ ಸಾಲ ಆದರೂ ಪರವಾಗಿಲ್ಲ ಅನ್ನಬಹುದೇನೋ. ನಮ್ಮ ಯಜಮಾನರು ಇದನ್ನು ಒಪ್ಪುವುದಿಲ್ಲ.

ಮೇ 1ಕ್ಕೆ ಡೆಪಾಸಿಟ್ ಕಟ್ಟಬೇಕು. ಅಷ್ಟರೊಳಗೆ ಒಂದು ಸಂಜೆ ಟಿವಿ ಆಫ್ ಮಾಡಿ, ಎರಡೂ ಪತ್ರಗಳನ್ನು ಊಟದ ಮೇಜಿನ ಮೇಲಿಟ್ಟು, ಮಗುವಿನ ಕೈಯಲ್ಲೇ ಜೋರಾಗಿ ಓದಿಸಿ. ಆಮೇಲೂ ಗೊಂದಲ ಇದ್ದರೆ ಫೋನ್ ಮಾಡಿ. ಊಟದ ಸಾಲಲ್ಲಿ ಮಾತ್ರ ಬೇಡ, ಪುಳಿಯೋಗರೆ ಖಾಲಿಯಾಗಿಬಿಡುತ್ತದೆ.