ಬಳ್ಳಾರಿ ಅಡುಗೆಮನೆಯಲ್ಲಿ ಸೀಗಡಿ ಲಕ್ಸಾ

ಮಲೇಷ್ಯಾ, ಸಿಂಗಾಪುರದ ಕಡೆ ಲಕ್ಸಾ ಅಂತ ಒಂದು ಸಾರು ಮಾಡುತ್ತಾರೆ. ಖಾರದ ಮಸಾಲೆ, ತೆಂಗಿನ ಹಾಲು, ಸೀಗಡಿ, ಅದರೊಳಗೆ ಅಕ್ಕಿ ನೂಡಲ್ಸ್. ಅದಕ್ಕೆ ಬೇಕಾದ ಅರ್ಧ ಸಾಮಾನು ಬಳ್ಳಾರಿಯಲ್ಲಿ ಸಿಗುವುದಿಲ್ಲ. ಆದರೂ ಚೆನ್ನಾಗಿಯೇ ಆಗುತ್ತದೆ, ಒಣ ಸೀಗಡಿ ಒಂದನ್ನು ಮಾತ್ರ ಬಿಡುವ ಹಾಗಿಲ್ಲ.

ಅಲ್ಲಿಯವರು ಬೆಲಚಾನ್ ಹಾಕುತ್ತಾರೆ. ಸೀಗಡಿಗೆ ಉಪ್ಪು ಹಾಕಿ ಹುಳಿಸಿ ಒಣಗಿಸಿದ ಗಟ್ಟಿ ಮುದ್ದೆ ಅದು. ನಮಗೆ ಎಲ್ಲಿಂದ ಬರಬೇಕು? ಒಣಮೀನು ಮಾರುವವರ ಹತ್ತಿರ ಒಣ ಸೀಗಡಿ ಸಿಗುತ್ತದಲ್ಲ, ಒಂದು ಹಿಡಿ ತನ್ನಿ. ತಲೆ, ಕಾಲು ಮುರಿದು ತೆಗೆದು, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಗರಿಗರಿ ಹುರಿಯಿರಿ. ವಾಸನೆ ಓಣಿಯ ತುದಿವರೆಗೂ ಹೋಗುತ್ತದೆ, ಹೋಗಲಿ ಬಿಡಿ.

ನಾಲ್ಕು ಜನಕ್ಕೆ 10 ಬ್ಯಾಡಗಿ, 4 ಗುಂಟೂರು ಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿಡಿ. ಬಣ್ಣಕ್ಕೆ ಅದು, ಖಾರಕ್ಕೆ ಇದು. ಇದರ ಜೊತೆ ಎರಡು ಉಳ್ಳಾಗಡ್ಡಿ, ಏಳೆಂಟು ಎಸಳು ಬಳ್ಳೊಳ್ಳಿ, ಹಸಿಶುಂಠಿ, ಅರಿಶಿನ, ಒಂದು ಚಮಚ ಧನಿಯಾ, ನಿಂಬೆಹುಲ್ಲಿನ ಬುಡದ ಬಿಳಿ ಭಾಗ, ಹುರಿದ ಸೀಗಡಿ ಎಲ್ಲ ಸೇರಿಸಿ ನುಣ್ಣಗೆ ರುಬ್ಬಿ. ನಿಂಬೆಹುಲ್ಲು ನರ್ಸರಿಯಲ್ಲಿ ಸಿಗುತ್ತದೆ, ಕುಂಡದಲ್ಲಿ ಹಚ್ಚಿದರೆ ನಮ್ಮ ಬಿಸಿಲಿಗೂ ಜಗ್ಗುವುದಿಲ್ಲ, ನೀರು ಹಾಕುತ್ತಿದ್ದರೆ ಸಾಕು. ಸಾರು ಮಂದ ಆಗಲಿ ಅಂತ ಅವರು ಕ್ಯಾಂಡಲ್‌ನಟ್ ಅನ್ನುವ ಬೀಜ ಹಾಕುತ್ತಾರೆ, ನಾನು ನಾಲ್ಕು ಗೋಡಂಬಿ ಹಾಕುತ್ತೇನೆ. ಶೇಂಗಾ ಬೇಡ. ಶೇಂಗಾ ಹಾಕಿದರೆ ಅದರದ್ದೇ ರುಚಿ ಮುಂದೆ ಬಂದು, ಉಣ್ಣುವವರಿಗೆ ಬದನೆಕಾಯಿ ಎಣ್ಣೆಗಾಯಿ ನೆನಪಾಗುತ್ತದೆ.

ಹಸಿ ಸೀಗಡಿ ಇಲ್ಲಿಗೆ ಐಸಿನಲ್ಲಿ ಬರುತ್ತದೆ. ಸುಲಿಸಿಕೊಂಡು ಬರಬೇಡಿ, ತಲೆ ಸಿಪ್ಪೆ ಸಮೇತ ತನ್ನಿ. ಆ ತಲೆ ಸಿಪ್ಪೆಗಳನ್ನು ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಹುರಿದು, ಒಂದು ಲೀಟರ್ ನೀರು ಹಾಕಿ 20 ನಿಮಿಷ ಕುದಿಸಿ ಸೋಸಿದರೆ ಸಾರಿನ ಜೀವ ಅಲ್ಲೇ ಇರುತ್ತದೆ. ಡ್ಯಾಮಿನ ಮೀನು ಹಾಕಬಹುದಾ ಅಂದರೆ, ನನ್ನ ಕೇಳಿದರೆ ಬೇಡ. ಕಾಟ್ಲಾ, ರೋಹುಗೆ ಮುಳ್ಳು ಜಾಸ್ತಿ, ನೂಡಲ್ಸ್ ಎಳೆಯುವಾಗ ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ.

ಮಸಾಲೆ ಹುರಿಯುವಾಗ ಮಾತ್ರ ಅವಸರ ಮಾಡಬೇಡಿ. ಎಣ್ಣೆ ಧಾರಾಳ ಇರಲಿ. ಮೊದಲು ಚಟಪಟ ಸಿಡಿಯುತ್ತದೆ, ಆಮೇಲೆ ತಳ ಹಿಡಿಯುತ್ತದೆ, ಕೈ ಬಿಡದೆ ಕೆದಕುತ್ತಿದ್ದರೆ ಒಂದು 15 ನಿಮಿಷಕ್ಕೆ ಮುದ್ದೆಯ ಬಣ್ಣ ಗಾಢವಾಗಿ ಅಂಚಿನಲ್ಲಿ ಕೆಂಪು ಎಣ್ಣೆ ಬಿಡುತ್ತದೆ. ಹಸಿ ವಾಸನೆ ಅಲ್ಲಿಗೆ ಹೋಯಿತು ಅಂತ ಲೆಕ್ಕ. ಈಗ ಸೋಸಿದ ನೀರು, ಒಂದು ತೆಂಗಿನಕಾಯಿಯ ಎರಡನೇ ಹಾಲು, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಿ. ಸೀಗಡಿ ಹಾಕಿ. ಎರಡು ಮೂರು ನಿಮಿಷಕ್ಕೆ ಕೆಂಪಾಗಿ ಸುರುಳಿ ಸುತ್ತುತ್ತದೆ, ಇನ್ನೂ ಬೇಯಿಸಿದರೆ ರಬ್ಬರು. ಗಟ್ಟಿ ಹಾಲು ಕೊನೆಗೆ. ಅದು ಬಿಸಿಯಾದರೆ ಸಾಕು, ಜೋರಾಗಿ ಕುದ್ದರೆ ಒಡೆಯುತ್ತದೆ.

ನೂಡಲ್ಸ್ ಬೇರೆ ಪಾತ್ರೆಯಲ್ಲೇ ಬೇಯಿಸಿ, ಸಾರಿಗೆ ಹಾಕಿದರೆ ಗಂಜಿ ಆಗುತ್ತದೆ. ಪ್ಯಾಕೆಟ್ ಅಕ್ಕಿ ಶಾವಿಗೆಯೂ ನಡೆಯುತ್ತದೆ. ಸಿಂಗಾಪುರದ ಕಟಾಂಗ್‌ನಲ್ಲಿ ನೂಡಲ್ಸನ್ನು ತುಂಡು ಮಾಡಿ ಬರೀ ಚಮಚದಲ್ಲಿ ತಿನ್ನುತ್ತಾರೆ, ಮಕ್ಕಳಿರುವ ಮನೆಗೆ ಅದೇ ಸುಲಭ. ಮೇಲೆ ಮೊಳಕೆ ಹೆಸರುಕಾಳು, ಬೇಯಿಸಿದ ಮೊಟ್ಟೆ, ಕೊತ್ತಂಬರಿ ಜೊತೆ ಎರಡು ಎಲೆ ಪುದೀನ, ನಿಂಬೆಹಣ್ಣು. ಪನೀರ್ ಮಾತ್ರ ದಯವಿಟ್ಟು ಬೇಡ.

ಹುಳಿ ಇಲ್ಲದೆ ಉಣ್ಣದವರಿಗೆ ಪೆನಾಂಗ್‌ನ ಅಸಾಮ್ ಲಕ್ಸಾ ಇದೆ. ಅದಕ್ಕೆ ಹುಣಸೆಹುಳಿ, ಬಂಗಡೆ ಜಾತಿಯ ಮೀನು, ತೆಂಗಿನ ಹಾಲು ಇಲ್ಲವೇ ಇಲ್ಲ. ನಮ್ಮತ್ತೆಯವರಿಗೆ ಅದೇ ಸರಿ ಅನ್ನಿಸುತ್ತದೇನೋ, ಇದಕ್ಕಂತೂ ಅವರು ರೊಟ್ಟಿ ಕೇಳಿದರು.

ಬೇಸಿಗೆಯಲ್ಲಿ ತೆಂಗಿನ ಹಾಲಿನ ಸಾರು ಸಂಜೆಯೊಳಗೆ ಹಳಸುತ್ತದೆ. ಹುರಿದ ಮಸಾಲೆಯಲ್ಲಿ ಅರ್ಧ ತೆಗೆದು ಫ್ರಿಜ್‌ನಲ್ಲಿಡಿ, ಉಣ್ಣುವ ಹೊತ್ತಿಗೆ ಹಾಲು ಹಿಂಡಿಕೊಳ್ಳಿ.