ಹಳೆ ಲೆನ್ಸಿಗೆ ಯಾವ ಕ್ಯಾಮೆರಾ?

ಮಾವನ ನಿಕಾನ್ 50 ಎಂಎಂ ಮ್ಯಾನುಯಲ್ ಲೆನ್ಸ್ ಕೈಗೆ ಬಂದ ಮೇಲೆ ಯಾವ ಕ್ಯಾಮೆರಾ ಬಾಡಿ ಕೊಳ್ಳಬೇಕು ಅನ್ನುವ ಲೆಕ್ಕವೇ ಬದಲಾಯಿತು. ನಿಕಾನ್ ಎಫ್ ಮೌಂಟಿನಿಂದ (ಅಂದರೆ ಬಾಡಿಗೆ ಲೆನ್ಸ್ ಕೂರುವ ಬಳೆಯಿಂದ) ಸೆನ್ಸರಿಗೆ 46.5 ಮಿ.ಮೀ. ದೂರ ಬೇಕು, ಕ್ಯಾನನ್ ಇಎಫ್‌ನಲ್ಲಿ 44, ಹಾಗಾಗಿ ತೆಳು ಅಡಾಪ್ಟರ್ ಹಾಕಿದರೆ ನಿಕಾನ್ ಲೆನ್ಸು ಕ್ಯಾನನ್ ಮೇಲೂ ಕೂರುತ್ತದೆ. ಉಲ್ಟಾ, ಅಂದರೆ ಕ್ಯಾನನ್ ಲೆನ್ಸನ್ನು ನಿಕಾನ್ ಮೇಲೆ ಹಾಕಿದರೆ, ದೂರದ್ದು ಫೋಕಸ್ ಆಗುವುದಿಲ್ಲ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ತಲೆನೋವೇ ಇಲ್ಲ. ಸೋನಿ ಇ ಮೌಂಟಿಗೆ 18, ನಿಕಾನ್ ಝಡ್‌ಗೆ 16 ಸಾಕು, ಮಿಕ್ಕ ಜಾಗವೆಲ್ಲ ಅಡಾಪ್ಟರಿಗೆ.

ನಾನು ಸೆಕೆಂಡ್ ಹ್ಯಾಂಡ್ ಸೋನಿ ಎ7 ಮಾರ್ಕ್ 2 ತಗೊಂಡೆ. ಬಾಡಿಯೊಳಗೇ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇದೆ, ಚಂದ್ರವಳ್ಳಿ ಗುಹೆಯ ಕತ್ತಲಲ್ಲಿ ಅದೇ ಗತಿ. ಈ ಹಳೆ ಲೆನ್ಸಿನಲ್ಲಿ ಆಟೋಫೋಕಸ್ ಇಲ್ಲ, ನಿಜ. ಆದರೆ ದುರ್ಗದ ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ? ಅಲ್ಲಿನ ಮಂಗಗಳಿಗೆ ಮಾತ್ರ ಸುಮ್ನೆ ಫೋನೇ ವಾಸಿ.